ಕುದಿಯದ ನೀರಿನ ಚಹಾ

ಮುರಿಗೆವ್ವ ಸತ್ತ ದಿನದಿಂದ ನನ್ನ ಒಲೆಯ ಮೇಲೆ ನೀರು ಕುದಿದಿಲ್ಲ. ನಮ್ಮೂರಿನವರಿಗೆ ಇದು ಹೊಸ ಮಾತಲ್ಲ. ಸಾವು ಯಾರ ಎದೆಗೆ ತಾಗಿದೆಯೋ ಅವರು ಒಲೆಗೆ ಏರಿಸಿದ ನೀರು ಕುದಿಯುವುದಿಲ್ಲ. ಕಟ್ಟಿಗೆ ಉರಿಯುತ್ತದೆ, ಹೊಗೆ ಕಣ್ಣು ತುಂಬುತ್ತದೆ, ಪಾತ್ರೆಯ ತಳ ಕೆಂಪಗಾಗುತ್ತದೆ. ನೀರು ಮಾತ್ರ ಉಗುರುಬೆಚ್ಚಗಾಗಿ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಅವರು ಊರ ಹೊಂಡಕ್ಕೆ ಹೋಗಿ, ಮೂರನೆಯ ಮೆಟ್ಟಿಲ ಮೇಲೆ ನಿಂತು, ಸತ್ತವರ ಹೆಸರು ಹಿಡಿದು ಕರೆದು, ‘ಬಿಟ್ಟೆ, ಬಿಟ್ಟೆ, ಬಿಟ್ಟೆ’ ಎನ್ನಬೇಕು. ಹಾಗೆಂದು ಮನೆಗೆ ಬಂದರೆ ನೀರು ಮಳ್ಳುತ್ತದೆ, ಕುದಿಯುತ್ತದೆ. ಬಿಟ್ಟೆ ಎಂದ ಮೇಲೆ ಆ ಹೆಸರನ್ನು ಮತ್ತೆ ಬಾಯಿಗೆ ತರುವಂತಿಲ್ಲ. ತಂದರೆ ಬಿಟ್ಟದ್ದೆಲ್ಲ ತಿರುಗಿ ಬರುತ್ತದೆ, ನೀರು ತಿರುಗಿ ನಿಲ್ಲುತ್ತದೆ.

ಹೀಗಾಗಿ ನಮ್ಮೂರಲ್ಲಿ ದುಃಖವನ್ನು ಬಚ್ಚಿಡಲು ಬರುವುದಿಲ್ಲ, ಇಲ್ಲದ ದುಃಖವನ್ನು ತೋರಿಸಲೂ ಬರುವುದಿಲ್ಲ. ಸಾಹುಕಾರ ಪಟ್ಟಣಶೆಟ್ಟರು ತೀರಿಕೊಂಡಾಗ ಅವರ ಹೆಂಡತಿಯ ಒಲೆಯ ಮೇಲೆ ಮರುದಿನವೇ ಅನ್ನ ಬೆಂದಿತು. ಮೂರು ಓಣಿಯಾಚೆ ಹೂವು ಮಾರುವವಳೊಬ್ಬಳ ಒಲೆ ಎರಡು ತಿಂಗಳು ನಿಂತಿತು. ಊರವರು ಏನೂ ಕೇಳಲಿಲ್ಲ. ಸರದಿಯ ಮೇಲೆ ಅವಳ ಮನೆಗೆ ಬಿಸಿ ರೊಟ್ಟಿ ಪಲ್ಯ ಮುಟ್ಟಿಸಿದರು. ಅದು ನಮ್ಮ ರೂಢಿ. ನೀರು ನಿಂತ ಮನೆಯ ಹೊಸ್ತಿಲಲ್ಲಿ ತಂಬಿಗೆಯೊಂದನ್ನು ಬೋರಲು ಹಾಕಿರುತ್ತಾರೆ. ಅದನ್ನು ಕಂಡವರು ಕೈಯಲ್ಲಿ ಬಿಸಿಯದೇನಾದರೂ ಇಲ್ಲದೆ ಒಳಗೆ ಬರುವುದಿಲ್ಲ. ಬಹಳ ಮಂದಿ ಹನ್ನೊಂದನೆಯ ದಿನಕ್ಕೆ ಬಿಟ್ಟೆ ಎನ್ನುತ್ತಾರೆ. ಈಗಿನ ಹುಡುಗರಂತೂ ಮಣ್ಣು ಕೊಟ್ಟು ಬರುವ ದಾರಿಯಲ್ಲೇ ಹೊಂಡಕ್ಕಿಳಿದು, ಬಿಟ್ಟೆ ಎಂದು ಹೇಳಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ.

ನಾನು ಅನ್ನಲಿಲ್ಲ. ಮುರಿಗೆವ್ವ ನನ್ನ ತಂಗಿ. ನನಗೆ ಎಪ್ಪತ್ತು, ಅವಳಿಗೆ ಅರವತ್ತಾರು. ಇಬ್ಬರೂ ಬೇಗ ಗಂಡಂದಿರನ್ನು ಕಳೆದುಕೊಂಡು ಒಂದೇ ಮನೆಗೆ ಬಂದವರು. ಆ ಇಬ್ಬರ ಹೆಸರನ್ನೂ ಆಗಲೇ, ಹಿರಿಯರು ಹೇಳಿದರೆಂದು, ಹೊಂಡದಲ್ಲಿ ಬಿಟ್ಟು ಬಂದಿದ್ದೆವು. ಈಗ ನನ್ನ ಗಂಡನ ಮುಖ ನೆನಪಿಗೆ ಬರುತ್ತದೆ, ಹೆಸರು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತದೆ. ಕರೆಯದ ಹೆಸರು ಹಾಗೆಯೇ. ಮುರಿಗೆವ್ವ ಮತ್ತು ನಾನು ನಲವತ್ತು ವರ್ಷ ಮಠದ ದಾಸೋಹದಲ್ಲಿ ಸೋಮವಾರದ ಗೋದಿ ಹುಗ್ಗಿ ಮಾಡಿದೆವು. ಉರಿ ಅವಳದು, ಸೌಟು ನನ್ನದು. ಬೆಲ್ಲ ಹಾಕುವಾಗ ಅವಳಿಗೆ ಕೈ ತಡೆಯುತ್ತಿರಲಿಲ್ಲ. ಪ್ರತಿ ಸೋಮವಾರವೂ ಅದಕ್ಕೇ ಜಗಳ. ಗೋಡೆಯ ಮೇಲಿನ ಹಲ್ಲಿಗೆ ಹೆದರುತ್ತಿದ್ದಳು, ಸ್ವಾಮಿಗಳಿಗೆ ಹೆದರುತ್ತಿರಲಿಲ್ಲ. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು.

ಎಂಟು ತಿಂಗಳಾದ ಮೇಲೆ, ಶಿವರಾತ್ರಿಯ ಮರುದಿನ, ಮಠದ ಕಾರಭಾರಿ ರಾಚಯ್ಯನವರು ನಮ್ಮ ಮನೆಗೆ ಬಂದರು. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ಜಂಗಮರು, ಅಯ್ಯನವರು. ಒಳ್ಳೆಯ ಮನುಷ್ಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಎಂಟು ತಿಂಗಳೂ ಒಂದು ದಿನ ತಪ್ಪದೆ ತಮ್ಮ ಸೊಸೆ ಕಸ್ತೂರಿಯ ಕೈಯಲ್ಲಿ ನನಗೆ ಬಿಸಿ ರೊಟ್ಟಿ ಕಳಿಸಿದವರು ಅವರೇ. ಬೋರಲು ಬಿದ್ದ ತಂಬಿಗೆಯನ್ನು ದಾಟಿ ಒಳಗೆ ಬಂದು, ತಾವೇ ತಂದ ಹಾಲಿನ ಲೋಟವನ್ನು ನನ್ನ ಮುಂದಿಟ್ಟು ಕೂತರು.

“ಶಾಂತಕ್ಕ, ಎಂಟು ತಿಂಗಳಾತು. ಇನ್ನ ಎಷ್ಟು ದಿನಾ ಹಿಂಗ? ಶ್ರಾವಣದ ಕಡೀ ಸೋಮವಾರದ ಒಳಗ ನೀ ಬಿಟ್ಟೆ ಅಂದ್ರ ಸೌಟು ನಿನ್ನ ಕೈಯಾಗ. ಅನ್ನಂಗಿಲ್ಲಂದ್ರ ಕಸ್ತೂರಿಗೆ ಕೊಡೂದು. ವಾರಕ್ಕ ಒಬ್ಬೊಬ್ಬರ ಕಡಿಂದ ಮಾಡಿಸಿ ಸಾಕಾಗೇತಿ.”

ನನಗೆ ಸೌಟೂ ಬೇಕು, ಮುರಿಗೆವ್ವನೂ ಬೇಕು ಎಂದೆ.

“ಎರಡೂ ಬೇಕನ್ನಾಕ ನೀ ಏನು ತೊಟ್ಟಿಲದ ಕೂಸೇನು?” ಎಂದರು. ನಗುತ್ತ ಅಂದದ್ದೇ, ಆದರೆ ಮಾತು ಅಲ್ಲಿಗೆ ಮುಗಿಯಿತು.

ಅವರು ಹೋದ ಮೇಲೆ ನಾನು ಪೂಜೆಗೆ ಕೂತೆ. ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಇದು ನಾನು ಹುಟ್ಟಿದಾಗ ಕಟ್ಟಿದ್ದು. ಸತ್ತರೂ ನನ್ನ ಜೊತೆಯಲ್ಲೇ ಮಣ್ಣಿಗೆ ಬರುವಂಥದು. ಮೈಯಿಂದ ಅಗಲಿಸಬಾರದು, ಜೀವ ಹೋದರೂ ಬಿಡಬಾರದು ಎಂದು ಕಲಿಸಿದವರು ಇದೇ ಮಠದವರು. ಬಿಡಬೇಡ ಎಂದು ಕಲಿಸಿದ ಬಾಯಿಯೇ ಬಿಡು ಎಂದು ಹೇಳುವುದು ಹೇಗೆ? ಶಿವನನ್ನು ಕೇಳಿದೆ. ಅವನು ಎಂದಿನಂತೆ ಸುಮ್ಮನಿದ್ದ. ಸುಮ್ಮನಿದ್ದವನು ಬೇಡ ಎಂದಂತೂ ಅಲ್ಲ ಎಂದುಕೊಂಡು ಎದ್ದೆ.

ದಾರಿ ತೋರಿಸಿದವಳು ಕಸ್ತೂರಿ. ಊರಿನ ತೆಂಕಣ ತುದಿಯಲ್ಲಿ ಸುಮಿಯವ್ವನ ಮನೆ. ಅವಳ ನಿಜವಾದ ಹೆಸರು ಸುಮಿಎ ಎಂದೇನೋ. ನಮ್ಮ ಬಾಯಿಗೆ ಅದು ಸುಮಿಯವ್ವ. ರೇಷ್ಮೆ ಗಿರಣಿಯ ಕೆಲಸ ಕಲಿಯಲು ಜಪಾನಿಗೆ ಹೋಗಿದ್ದ ನಮ್ಮೂರ ವೀರಪ್ಪ ಮೂವತ್ತು ವರ್ಷದ ಹಿಂದೆ ಅವಳನ್ನು ಮದುವೆಯಾಗಿ ಕರೆತಂದ. ವೀರಪ್ಪ ಸತ್ತು ಒಂಬತ್ತು ವರ್ಷ. ಅವನು ಸತ್ತ ದಿನವೂ ಸುಮಿಯವ್ವನ ನೀರು ಕುದಿಯಿತು. ಅದಕ್ಕಿಂತ ವಿಚಿತ್ರವೆಂದರೆ, ಅವಳು ಇಂದಿಗೂ ಅವನ ಹೆಸರು ಹಿಡಿದು ಮಾತಾಡುತ್ತಾಳೆ, ನೀರು ಕುದಿಯುತ್ತಲೇ ಇರುತ್ತದೆ. ಪ್ರೀತಿಯಿಲ್ಲದ ಹೆಂಗಸು ಎಂದು ಊರು ತೀರ್ಮಾನ ಮಾಡಿತ್ತು. ಆ ತೀರ್ಮಾನ ಮಾಡಿದವರಲ್ಲಿ ನಾನೂ ಒಬ್ಬಳು. ಅವಳು ಹಿತ್ತಲಲ್ಲಿ ಒಂದು ಚಿಕ್ಕ ಮಣ್ಣಿನ ಕೋಣೆ ಕಟ್ಟಿಸಿ, ತನ್ನ ದೇಶದ ರೀತಿಯಲ್ಲಿ ಚಹಾ ಮಾಡುವುದನ್ನು ನಾಲ್ಕಾರು ಹೆಂಗಸರಿಗೆ ಕಲಿಸುತ್ತಿದ್ದಳು. ಕಸ್ತೂರಿ ಎರಡು ವರ್ಷದಿಂದ ಹೋಗುತ್ತಿದ್ದಳು.

“ದೊಡ್ಡವ್ವ, ಆ ಹಂಡೆದಾಗ ಯಾರು ನೀರಿಟ್ರೂ ಕುದೀತೈತಂತ ಮಂದಿ ಅಂತಾರ,” ಎಂದಳು ಕಸ್ತೂರಿ. “ನಮ್ಮ ಮಾವಾರ ಕಣ್ಣಮುಂದ ಒಮ್ಮೆ ಕುದಿಸಿಬಿಡ್ರಿ. ಬಿಟ್ಟೆ ಅನ್ನೂದು ತಪ್ಪತೈತಿ, ಸೌಟೂ ಉಳೀತೈತಿ.”

ಸೌಟು ತನಗೆ ಬರುವುದನ್ನು ತಪ್ಪಿಸಲು ಈ ಹುಡುಗಿ ಇಷ್ಟು ಯೋಚನೆ ಮಾಡಿದ್ದಳು. ನಾನು ಮರುದಿನವೇ ಹೋದೆ. ಒಂದೆರಡು ದಿನದಲ್ಲಿ ನೀರು ಕುದಿಸಿ ಮುಗಿಸಿ ಬರುವ ಎಣಿಕೆ ನನ್ನದು. ಆ ಹಂಡೆಯನ್ನು ಒಲೆಗೆ ಏರಿಸಲು ನನಗೆ ಆರು ತಿಂಗಳು ಹಿಡಿಯಿತು.

ಮೊದಲನೆಯ ದಿನ ಬಾಗಿಲಲ್ಲೇ ಜಗಳ. ಆ ಕೋಣೆಯ ಬಾಗಿಲು ನನ್ನ ಸೊಂಟದಷ್ಟೂ ಎತ್ತರವಿಲ್ಲ. ಮೊಣಕಾಲೂರಿ, ತಲೆ ತಗ್ಗಿಸಿ, ಕೈಯ ಮೇಲೆ ಜಾರಿ ಒಳಗೆ ಹೋಗಬೇಕು. ಮಠದ ಸ್ವಾಮಿಗಳಿಗೂ ನಾನು ಇಷ್ಟು ಬಾಗಿಲ್ಲವೆಂದೆ. “ಸ್ವಾಮಿಗಳು ಬಂದ್ರ ಅವ್ರೂ ಹಿಂಗ,” ಎಂದಳು ಸುಮಿಯವ್ವ. ಅವಳು ನಮ್ಮೂರ ಮಾತನ್ನೇ ಆಡುತ್ತಾಳೆ, ಆದರೆ ಮಾತು ಅರ್ಧಕ್ಕೇ ಮುಗಿಯುತ್ತದೆ. ಒಳಗೆ ಹುಲ್ಲಿನ ಚಾಪೆ, ಗೋಡೆಯ ಗೂಡಿನಲ್ಲಿ ಒಂದೇ ಒಂದು ತುಂಬೆಹೂವಿನ ಕಡ್ಡಿ, ಮೂಲೆಯಲ್ಲಿ ಇದ್ದಿಲ ಒಲೆಯ ಮೇಲೆ ಕಪ್ಪು ಕಬ್ಬಿಣದ ಪುಟ್ಟ ಹಂಡೆ. ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು. ಎಂಟು ತಿಂಗಳ ಮೇಲೆ ಕುದಿಯುವ ನೀರಿನ ಎದುರು ಕೂತಿದ್ದೆ. ಕಣ್ಣು ತುಂಬಿತು. ಹೊಗೆಯೆಂದು ಹೇಳಲು ಅಲ್ಲಿ ಹೊಗೆಯೂ ಇರಲಿಲ್ಲ.

ಅವಳು ಚಹಾ ಮಾಡಿದ ರೀತಿಯನ್ನು ನೋಡಿದರೆ ಅದು ಪೂಜೆಯೇ. ರೇಷ್ಮೆಯ ವಸ್ತ್ರವನ್ನು ಮಡಿಸಿ ಮಡಿಸಿ ಒಂದೊಂದು ಸಾಮಾನನ್ನೂ ಒರೆಸಿದಳು. ಬಿದಿರಿನ ಸೌಟಿನಿಂದ ಬಿಸಿನೀರು ತೋಡಿ ಬಟ್ಟಲನ್ನು ತೊಳೆದಳು. ಹಸಿರು ಚಹಾಪುಡಿಯನ್ನು ಬಟ್ಟಲಿಗೆ ಹಾಕಿ, ನೀರು ಬಿಟ್ಟು, ಬಿದಿರಿನ ಪುಟ್ಟ ಕಡಗೋಲಿನಂಥದರಿಂದ ಕಡೆದಳು. ಮೊದಲು ನಮ್ಮ ಮುಂದೆ ಒಂದೊಂದು ಸಿಹಿ ಬಂತು. ಮಠದ ಅಭ್ಯಾಸ, ಪ್ರಸಾದವೆಂದು ಸೆರಗಿನ ತುದಿಗೆ ಕಟ್ಟಿಕೊಂಡೆ. ಈಗಲೇ ತಿನ್ನಬೇಕು ಎಂದು ಕಸ್ತೂರಿ ಪಿಸುಗುಟ್ಟಿದಾಗ ಬಿಚ್ಚಿ ತಿಂದೆ. ಆಮೇಲೆ ಬಟ್ಟಲು ಬಂತು. ನಾವು ಚಿಕ್ಕಂದಿನಿಂದ ಲೋಟಕ್ಕೆ ತುಟಿ ತಾಗಿಸಿ ಕುಡಿದವರಲ್ಲ. ನಾನು ಎರಡು ಕೈಯಲ್ಲಿ ಬಟ್ಟಲನ್ನು ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಮೇಲಿನಿಂದ ಸುರಿದುಕೊಂಡೆ. ಅದು ನೀರಲ್ಲ, ನೊರೆ. ಗದ್ದದಿಂದ ಎದೆಯವರೆಗೆ ಬಿಳಿಯ ಸೀರೆ ಹಸಿರಾಯಿತು. ಕಸ್ತೂರಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಸುಮಿಯವ್ವ ನಗಲಿಲ್ಲ. ಒಂದು ಒದ್ದೆ ಬಟ್ಟೆ ಕೊಟ್ಟು, “ಬಟ್ಟಲಿಗೆ ಬಾಯಿ ಕೊಡ್ರಿ. ಅದು ಎಲ್ಲಾರ ಬಟ್ಟಲು,” ಎಂದಳು.

ವಾರಕ್ಕೆರಡು ದಿನ ಹೋಗುತ್ತಿದ್ದೆ. ಬಟ್ಟಲನ್ನು ಎಡ ಅಂಗೈಯ ಮೇಲಿಟ್ಟು ಎರಡು ಸಲ ತಿರುಗಿಸಬೇಕು, ಅದರ ಚೆಲುವಾದ ಮಗ್ಗುಲಿಗೆ ತುಟಿ ತಾಗಬಾರದು. ಮಂದವಾದ ಚಹಾ ಮಾಡಿದ ದಿನ ಒಂದೇ ಬಟ್ಟಲಿನಲ್ಲಿ ಎಲ್ಲರೂ ಕುಡಿಯಬೇಕು. ಕುಡಿದವರು ಅಂಚನ್ನು ಒರೆಸಿ ಮುಂದಿನವರಿಗೆ ಕೊಡಬೇಕು. ಕುಡಿದಾದ ಮೇಲೆ ಮೊದಲನೆಯ ಅತಿಥಿ ಈ ಬಟ್ಟಲು ಎಲ್ಲಿಯದು ಎಂದು ಕೇಳಬೇಕು, ಮಾಡಿದವರು ಅದರ ವಿಷಯ ಹೇಳಬೇಕು. ಇದನ್ನೆಲ್ಲ ಕಲಿಯುವಾಗ ಮೊಣಕಾಲು ಸತ್ತುಹೋಗುತ್ತಿತ್ತು. ಒಮ್ಮೆ ನಾನು, ಹಂಡೆಗೆ ಹೀಗೆ ಬರಿಗೈಯಲ್ಲಿ ನಮಸ್ಕಾರ ಮಾಡುವುದು ಸರಿಯಲ್ಲವೆಂದು, ಉರಿ ಹಾಕುವ ಮೊದಲೇ ಅದಕ್ಕೆ ಮೂರು ಬೆರಳು ವಿಭೂತಿ ಹಚ್ಚಿದೆ. ಕಸ್ತೂರಿ ಗಾಬರಿಯಾಗಿ ಒರೆಸಲು ಹೋದಳು. ಸುಮಿಯವ್ವ ಬೇಡವೆಂದಳು. ಅಂದಿನ ಚಹಾ ವಿಭೂತಿ ಧರಿಸಿದ ಹಂಡೆಯಿಂದಲೇ ಆಯಿತು. ಹಂಡೆಗೆ ನೀರು ತುಂಬಿ ಒಲೆಗೆ ಏರಿಸಲು ಮಾತ್ರ ಬಿಡಲಿಲ್ಲ. ಯಾವಾಗ ಎಂದು ಕೇಳಿದರೆ, “ಕುಡ್ಯಾಕ ಬಂದ ಮ್ಯಾಲ ಮಾಡೂದು,” ಎನ್ನುತ್ತಿದ್ದಳು.

ಜ್ಯೇಷ್ಠದ ಒಂದು ಮಧ್ಯಾಹ್ನ ಉಳಿದವರು ಹೋಗಿದ್ದರು. ಸಾಮಾನು ತೊಳೆಯುತ್ತ ನಾನು ಕೇಳಿಯೇಬಿಟ್ಟೆ. ಗಂಡ ಸತ್ತ ದಿನ ನಿನ್ನ ನೀರು ಕುದಿಯಿತಲ್ಲ, ಅದು ಹೇಗೆ ಎಂದು. ಅವಳು ಬಟ್ಟಲನ್ನು ಒರೆಸುತ್ತಿದ್ದವಳು ನಿಲ್ಲಿಸಲಿಲ್ಲ.

“ಗೊತ್ತಿಲ್ಲ. ಕುದೀತು. ಅದಕ್ಕ ಯಾರೂ ನನಗ ರೊಟ್ಟಿ ತರಲಿಲ್ಲ. ಹನ್ನೊಂದು ದಿನಾ ನಾನ ಅಡಗಿ ಮಾಡಿದೆ. ಇಬ್ಬರಿಗೆ ಮಾಡಿದೆ, ಒಬ್ಬಾಕಿ ಉಂಡೆ.”

ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಆ ಹನ್ನೊಂದು ದಿನಗಳಲ್ಲಿ ಎರಡು ಸಲವಾದರೂ ನಾನೂ ಮುರಿಗೆವ್ವನೂ ಅವಳ ಮನೆಯ ಮುಂದಿನಿಂದ ಹಾದು ಮಠಕ್ಕೆ ಹೋಗಿದ್ದೆವು. ಹೊಸ್ತಿಲಲ್ಲಿ ತಂಬಿಗೆ ಬೋರಲು ಇರಲಿಲ್ಲ. ನೋಡಿದೆಯಾ, ಗಟ್ಟಿ ಹೆಂಗಸು ಎಂದು ಮುರಿಗೆವ್ವನಿಗೆ ನಾನೇ ಅಂದಿದ್ದೆ. ತಪ್ಪಾಯಿತು ಎಂದೆ. ಅವಳು ತಲೆ ಬಾಗಿಸಿದಳು. ನನ್ನ ಕೈಗೆ ಹಂಡೆಯನ್ನು ಕೊಟ್ಟು, ಬರುವ ಶ್ರಾವಣದ ಕೊನೆಯ ರವಿವಾರ ನೀವು ಚಹಾ ಮಾಡಿ, ಬಟ್ಟಲು ನಿಮ್ಮದೇ ತನ್ನಿ, ಅತಿಥಿಗಳನ್ನು ನೀವೇ ಕರೆಯಿರಿ ಎಂದಳು.

ನಾನು ರಾಚಯ್ಯನವರನ್ನೇ ಕರೆದೆ. ಮಠದ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೇ ಹೇಳಿದೆ: ನನ್ನ ಕೈಯಿಂದ ಆ ಹಂಡೆಯ ನೀರು ಕುದಿದರೆ, ಬಿಟ್ಟೆ ಎನ್ನದೆಯೇ ಸೌಟು ನನ್ನದು. ಅವರು ಗಡ್ಡ ನೀವಿಕೊಂಡರು. ಕುದಿದರೆ ಸೌಟು ನಿನ್ನದು, ಕುದಿಯದಿದ್ದರೆ ಅಲ್ಲಿಯೇ, ಆ ಚಾಪೆಯ ಮೇಲೆಯೇ ಬಿಟ್ಟೆ ಎನ್ನಬೇಕು ಎಂದರು. ಮೊದಲನೆಯ ಮಾತಿಗೆ ಹೂಂ ಎಂದೆ. ಎರಡನೆಯದಕ್ಕೆ ಏನೂ ಅನ್ನಲಿಲ್ಲ.

ಆ ರವಿವಾರ ಮಧ್ಯಾಹ್ನ ಮೂರು ಜನ ಅತಿಥಿಗಳು. ಮೊದಲು ರಾಚಯ್ಯನವರು. ಅವರನ್ನು ಆ ಕಿರುಬಾಗಿಲಿನಿಂದ ಒಳಗೆ ತರುವುದೇ ಒಂದು ಕೆಲಸವಾಯಿತು. ರುಮಾಲು ಚೌಕಟ್ಟಿಗೆ ತಾಗಿ ಹೊರಗೇ ಉಳಿಯಿತು, ಮನುಷ್ಯ ಒಳಗೆ ಬಂದರು. ಅವರ ಮಗ್ಗುಲಿಗೆ ಕಸ್ತೂರಿ, ರೀತಿ ಹೇಳಿಕೊಡಲು. ಕೊನೆಯಲ್ಲಿ ಸುಮಿಯವ್ವ. ನಾನು ಬೆಳಗಿನಿಂದ ಉಪವಾಸವಿದ್ದು, ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಬಂದಿದ್ದೆ. ಇದ್ದಿಲನ್ನು ನಾನೇ ಜೋಡಿಸಿದೆ, ಬಾವಿಯ ನೀರನ್ನು ನಾನೇ ತುಂಬಿದೆ, ಹಂಡೆಯನ್ನು ಒಲೆಯ ಮೇಲೆ ನಾನೇ ಇಟ್ಟೆ.

ಇದ್ದಿಲು ಕೆಂಡವಾಯಿತು. ಸಿಹಿ ಕೊಟ್ಟೆ. ಅವರು ತಿಂದರು. ವಸ್ತ್ರ ಮಡಿಸಿದೆ, ಸಾಮಾನು ಒರೆಸಿದೆ, ತಪ್ಪಿಲ್ಲದೆ ಮಾಡಿದೆ. ಹಂಡೆ ಸುಮ್ಮನಿತ್ತು. ಮುಚ್ಚಳ ತೆಗೆದು ನೋಡಿದೆ. ನೀರು ಕನ್ನಡಿಯಂತೆ ನಿಂತಿತ್ತು. ಅದರಲ್ಲಿ ನನ್ನ ಹಣೆಯ ವಿಭೂತಿ ಕಾಣುತ್ತಿತ್ತು. ಬೆರಳು ಅದ್ದಿದೆ. ಉಗುರುಬೆಚ್ಚಗೆ. ಮತ್ತೆ ನಾಲ್ಕು ಇದ್ದಿಲು ಹಾಕಿದೆ. ಎಷ್ಟು ಹೊತ್ತಾಯಿತೋ. ಗೂಡಿನ ಹೂವಿನಿಂದ ಒಂದು ಎಸಳು ಬಿತ್ತು. ಯಾರ ಕೈಗಾದರೂ ಕುದಿಯುತ್ತದೆ ಎನ್ನುವುದು ಮಂದಿ ಕಟ್ಟಿದ ಮಾತು. ಸುಮಿಯವ್ವ ಎಂದೂ ಹಾಗೆ ಹೇಳಿರಲಿಲ್ಲ. ನಾನೂ ಅವಳನ್ನು ಕೇಳಿರಲಿಲ್ಲ.

“ಆತು ಬಿಡು, ಶಾಂತಕ್ಕ,” ಎಂದರು ರಾಚಯ್ಯನವರು. ದನಿಯಲ್ಲಿ ಗೆದ್ದ ಸಡಗರವಿರಲಿಲ್ಲ; ಅದೇ ಇನ್ನೂ ಕಷ್ಟವಾಯಿತು. “ಇಲ್ಲೇ ಅಂದುಬಿಡು. ಮೂರ ಮಾತು. ಈಗಿಂದೀಗ ನೀರು ಮಳ್ಳತೈತಿ. ನಾನೂ ಅಂದೀನಿ, ಎಲ್ಲಾರೂ ಅಂದಾರ. ಆಕಿಗೂ ದಾರಿ ಬಿಡಬೇಕಲ್ಲ?”

ನಾನು ಸುಮಿಯವ್ವನ ಕಡೆ ನೋಡಿದೆ. ಅವಳು ಹೂವನ್ನು ನೋಡುತ್ತಿದ್ದಳು. ನಾಳೆಯ ಸೋಮವಾರ ನೆನಪಿಗೆ ಬಂತು. ಮಠದ ದೊಡ್ಡ ಕೊಪ್ಪರಿಗೆ, ಗೋದಿ ಅರಳುವ ವಾಸನೆ, ಏಲಕ್ಕಿ, ಇನ್ನೂರು ಜನರ ಪಂಕ್ತಿ. ನಲವತ್ತು ವರ್ಷ ಶಿವನಿಗೆ ನನ್ನ ಕೈಯಿಂದ ಉಣಿಸಿದ್ದೆ. ಬಾಯಿ ತೆರೆದೆ. ತೆರೆದ ಬಾಯಿಂದ ಏನು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

“ಮುರಿಗೆವ್ವಾ,” ಎಂದೆ. “ಬಿಡೂದಿಲ್ಲ. ಬಿಡೂದಿಲ್ಲ. ಬಿಡೂದಿಲ್ಲ.”

ಹೇಳಿ, ಬಿದಿರಿನ ಸೌಟನ್ನು ಕೈಗೆ ತೆಗೆದುಕೊಂಡು ಆ ಉಗುರುಬೆಚ್ಚಗಿನ ನೀರನ್ನೇ ತೋಡಿದೆ. ಅತಿಥಿ ಬಂದು ಕೂತಿದ್ದಾರೆ. ಅವರನ್ನು ಬಾಯಾರಿಸಿ ಕಳಿಸಬಾರದು. ಇಷ್ಟು ನನಗೆ ಮಠವೂ ಕಲಿಸಿತ್ತು, ಈ ಕೋಣೆಯೂ ಕಲಿಸಿತ್ತು. ಬೆಚ್ಚಗಿನ ನೀರಿಗೆ ಚಹಾಪುಡಿ ಹೊಂದಿಕೊಳ್ಳುವುದಿಲ್ಲ; ಗಂಟುಗಂಟಾಗಿ ಮೇಲೆ ತೇಲುತ್ತದೆ. ಕಡೆದೆ. ಹುಗ್ಗಿ ತಿರುವಿದ ರಟ್ಟೆ, ಬೇಗ ಸೋಲುವುದಿಲ್ಲ. ಕೂತಲ್ಲೇ ಬೆವರು ಇಳಿಯುವವರೆಗೆ ಕಡೆದೆ. ಗಂಟು ಒಡೆಯಿತು, ನೊರೆ ಬರಲಿಲ್ಲ, ಆದರೆ ಬಣ್ಣ ಬಂತು. ಬಟ್ಟಲನ್ನು ತಿರುಗಿಸಿ ರಾಚಯ್ಯನವರ ಮುಂದಿಟ್ಟು, ಚಾಪೆಗೆ ಹಣೆ ತಾಗುವಂತೆ ಬಾಗಿದೆ.

ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ನೀರು ನಿಂತವರ ಕೈಯದನ್ನು ಯಾರೂ ಕುಡಿಯುವುದಿಲ್ಲ. ನಮ್ಮೂರಿನಲ್ಲಿ ಕೊಡುವುದು ಯಾವಾಗಲೂ ಆ ಕಡೆಗೆ, ಆ ಕಡೆಯಿಂದ ಅಲ್ಲ. ಆದರೆ ಮುಂದೆ ಬಂದ ಭಿಕ್ಷೆಯನ್ನು ಹಿಂದಕ್ಕೆ ತಳ್ಳುವುದು ಜಂಗಮನಿಗೆ ಸಲ್ಲದು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಟ್ಟಲನ್ನೆತ್ತಿ, ಎರಡು ಸಲ ತಿರುಗಿಸಿ, ಕಣ್ಣು ಮುಚ್ಚಿ ಮೂರು ಗುಟುಕು ಕುಡಿದರು. ಬಿಳಿಯ ಮೀಸೆಯ ಅಂಚು ಹಸಿರಾಯಿತು. ಕಸ್ತೂರಿ ಮೊಣಕೈಯಿಂದ ತಿವಿದಳು. ಆಗ ಅವರು, ರೀತಿಯಂತೆ, ಕೇಳಬೇಕಾದದ್ದನ್ನು ಕೇಳಿದರು: “ಬಟ್ಟಲು ಎಲ್ಲಿದು?”

“ಮುರಿಗೆವ್ವಂದು,” ಎಂದೆ. “ಹುಗ್ಗಿಗೆ ಬೆಲ್ಲ ನೆನಸತಿದ್ದ ಬಟ್ಟಲು. ಈ ಅಂಚಿನ ಚಕ್ಕಿ ಹಾರಿದ್ದು ನಾವಿಬ್ರೂ ಜಗಳಾಡಿದ ದಿನ. ನಾ ಬೆಲ್ಲ ಸಾಕಂದೆ, ಆಕಿ ಬಟ್ಟಲಾ ಕುಕ್ಕಿದಳು. ಮುರಿಗೆವ್ವ ಬೆಲ್ಲಕ್ಕ ಎಂದೂ ಸಾಕಂದಾಕಿ ಅಲ್ಲ.”

ಅವರು ಅಂಚು ಒರೆಸಿ, ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟರು. ಕಸ್ತೂರಿ ಕುಡಿದಳು. ಕುಡಿದು ಬಟ್ಟಲನ್ನು ಕೆಳಗಿಡಲಿಲ್ಲ. ಎರಡು ಕೈಯಲ್ಲಿ ಎದೆಗೆ ಆನಿಸಿ ಹಿಡಿದುಕೊಂಡಳು. ಆರು ವರ್ಷದ ಹಿಂದೆ ಕಸ್ತೂರಿಗೆ ಹೆಣ್ಣು ಕೂಸು ಹುಟ್ಟಿ ನಲವತ್ತು ದಿನ ಬದುಕಿತ್ತು. ಅದು ತೀರಿದ ಮೂರನೆಯ ದಿನಕ್ಕೇ ರಾಚಯ್ಯನವರು ಅವಳನ್ನು ಹೊಂಡಕ್ಕೆ ಕಳಿಸಿದ್ದರು. ಮನೆಯಲ್ಲಿ ಅಡಿಗೆಗೆ ಅವಳೊಬ್ಬಳೇ, ಮಠದಿಂದ ಬರುವವರು ಹೋಗುವವರು ಇರುತ್ತಾರೆ, ಎಷ್ಟು ದಿನ ನೀರು ನಿಲ್ಲಿಸುವುದು ಎಂದು.

“ನೀಲಲೋಚನಾ,” ಎಂದಳು ಕಸ್ತೂರಿ.

“ಏ ಕಸ್ತೂರಿ,” ಎಂದರು ರಾಚಯ್ಯನವರು, ಮೆಲ್ಲಗೆ.

“ತೊಟ್ಟಲದಾಗ ಕೂಸಿನ ಕಿವಿಯಾಗ ಈ ಹೆಸರು ಹೇಳಿದವ್ರು ನೀವ, ಮಾವಾರ. ನಲವತ್ತು ದಿನಾ ಕರದೀನಿ. ಆರು ವರ್ಷ ಕರೀದ ಇದ್ದೀನಿ. ಇನ್ನ ಕರೀತೀನಿ. ನೀಲಲೋಚನಾ.”

ಕಸ್ತೂರಿ ಬಟ್ಟಲಿನ ಅಂಚನ್ನು ಒರೆಸಿ ಸುಮಿಯವ್ವನಿಗೆ ಕೊಟ್ಟಳು. ಸುಮಿಯವ್ವ ಉಳಿದದ್ದನ್ನು ಕೊನೆಯ ಹನಿಯವರೆಗೆ ಸದ್ದಾಗುವಂತೆ ಹೀರಿ, ಚೆನ್ನಾಗಿತ್ತು ಎನ್ನುವ ರೀತಿಯಲ್ಲಿ ನನಗೆ ಬಾಗಿದಳು. ಅದು ಚೆನ್ನಾಗಿರಲಿಲ್ಲ. ತಳದಲ್ಲಿ ಪುಡಿ ಹಾಗೆಯೇ ಕೂತಿತ್ತು. ಅವಳು ಅದನ್ನೂ ಬೆರಳಿನಿಂದ ಬಳಿದು ತಿಂದಳು.

ಮನೆಗೆ ಬಂದು, ಎರಡು ಸೇರು ಹೆಸರುಕಾಳನ್ನೂ ಒಂದು ಸೇರು ಕಡಲೆಯನ್ನೂ ತೊಳೆದು ನೆನೆಯಲು ಹಾಕಿದೆ. ಯಾರೂ ಹೇಳಿರಲಿಲ್ಲ.

ಮರುದಿನ ಹೊತ್ತು ಏರುವ ಮೊದಲೇ ರಾಚಯ್ಯನವರು ಬಂದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ಮನೆಯಿಂದ ಬರಿಗೈಯಲ್ಲಿ ಒಬ್ಬರು ನನ್ನ ಹೊಸ್ತಿಲು ದಾಟಿದ್ದು. ಕಸ್ತೂರಿಯ ಒಲೆ ನಿನ್ನೆ ಸಂಜೆಯಿಂದ ನಿಂತಿದೆ ಎಂದರು. ತಣ್ಣೀರಿನಲ್ಲಿ ಸ್ನಾನ ಮಾಡಿದ್ದರಿಂದ ಹಲ್ಲು ಇನ್ನೂ ಕಟಕಟಿಸುತ್ತಿತ್ತು. ತಿರುಗಿ ಹೊಂಡಕ್ಕೆ ಹೋಗು ಎಂದರೆ ಆಕೆ ಹೋಗುವುದಿಲ್ಲವಂತೆ. ಖಾನಾವಳಿಯಲ್ಲಿ ಬಾಯ್ಲರ್ ಉರಿಸುವ ಸೋಮಲಿಂಗನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅವನ ನೀರು ಎಂದೂ ನಿಲ್ಲುವುದಿಲ್ಲವೆಂದು ಊರಲ್ಲೆಲ್ಲ ಅವನಿಗೆ ಕೆಲಸ. ಇವತ್ತಿನ ಹುಗ್ಗಿಗೆ ಅವನನ್ನೇ ಕರೆಸಬೇಕಾಗುತ್ತದೆ ಎಂದರು.

“ಕರಸ್ರಿ,” ಎಂದೆ. “ಎಲ್ಲಾರನ್ನೂ ಬಿಟ್ಟವ್ರು ಕೂಡಿ, ಯಾರೂ ಇಲ್ಲದವನ ಕೈಲೆ ಶಿವಗ ಉಣಸ್ರಿ.”

ಅವರು ಬಾಗಿಲ ಬಳಿಯೇ ನಿಂತರು. ನಾನು ನೆನೆದ ಕಾಳನ್ನು ಬಸಿಯುತ್ತಿದ್ದೆ. ನೋಡುತ್ತ ನೋಡುತ್ತ ಅವರಿಗೆ ಅದೇನೆಂದು ಅರ್ಥವಾಯಿತು. “ಹಸಿ ಕಾಳು? ಮಠದಾಗ? ಕಡೀ ಸೋಮವಾರ?” ಎಂದರು.

“ದಿನಾ ಶಿವನ ತಲೀಮ್ಯಾಲ ನೀರು ಹಾಕತೀರಲ್ಲ, ರಾಚಯ್ಯಾರ, ಎಂದಾರ ಕಾಸಿ ಹಾಕೀರೇನು?”

ರಾಚಯ್ಯನವರು ಒಳಗೆ ಬಂದು, ರುಮಾಲಿನ ಮೇಲೆ ಸಿಂಬೆ ಇಟ್ಟುಕೊಂಡು, ಕಾಳಿನ ಬುಟ್ಟಿಯನ್ನು ತಾವೇ ಹೊತ್ತರು. ಬೆಲ್ಲದ ಪಾನಕದ ಕೊಡವನ್ನು ನಾನು ಎತ್ತಿಕೊಂಡೆ.

ಮಠದ ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ಎಲೆಗಳಿಗೆ ಹಸಿ ಕಾಳು ಬೀಳುವುದನ್ನು ಕಂಡು ಗುಸುಗುಸು ಎದ್ದಿತು. ಉಣ್ಣುವ ಮೊದಲು ಅಂದಿನ ಪ್ರಸಾದ ಯಾರ ಸೇವೆಯೆಂದು ಕಾರಭಾರಿ ಕೂಗಿ ಹೇಳುವುದು ಮಠದ ಪದ್ಧತಿ. ರಾಚಯ್ಯನವರು ನಡುವೆ ನಿಂತು “ಶಾಂತವೀರವ್ವನ ಸೇವಾ” ಎಂದು ಕೂಗಿದರು. ಕೂಗಿ, ನನ್ನ ಕಡೆ ನೋಡಿ, ಬಾಯಿ ಮುಚ್ಚಿಕೊಂಡರು. ಅವರಿಂದ ಅಷ್ಟೇ ಆದದ್ದು. ಉಳಿದದ್ದನ್ನು ನಾನೇ ಹೇಳಿದೆ. “ಶಾಂತವೀರವ್ವಂದು ಮತ್ತ ಮುರಿಗೆವ್ವಂದು ಸೇವಾ.”

ಸತ್ತವಳ ಹೆಸರು ಮಠದ ಗೋಡೆಗೆ ತಾಗಿ ತಿರುಗಿ ಬಂತು. ಯಾರೂ ಎಲೆಗೆ ಕೈ ಹಾಕಲಿಲ್ಲ. ಕೆಲವರು ಏಳಲು ಸೆರಗು, ಶಲ್ಯ ಸರಿಮಾಡಿಕೊಂಡರು. ನಾನು ಇನ್ನೊಮ್ಮೆ ಹೇಳಿದೆ, ಮೊದಲಿಗಿಂತ ಗಟ್ಟಿಯಾಗಿ. ಹೆಂಗಸರ ಸಾಲಿನಲ್ಲಿ ಕಸ್ತೂರಿ ಕೂತಿದ್ದಳು. ಅವಳ ಪಕ್ಕಕ್ಕೆ, ಎಂದೂ ಮಠದ ಪಂಕ್ತಿಗೆ ಬಾರದ ಸುಮಿಯವ್ವ. ಇಬ್ಬರೂ ಕಾಳನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ರಾಚಯ್ಯನವರು ನಿಂತಲ್ಲೇ ನೆಲಕ್ಕೆ ಕೂತು, ಯಾರದೋ ಎಲೆಯಿಂದ ಒಂದು ಹಿಡಿ ತೆಗೆದುಕೊಂಡರು. ಹುಗ್ಗಿ ಉಣ್ಣುವಾಗ ಸದ್ದಾಗುವುದಿಲ್ಲ. ಅಂದು ಒಂದೊಂದೇ ಎಲೆಯಿಂದ ಕಾಳು ಅಗಿಯುವ ಸದ್ದು ಹೊರಟು ಪಡಸಾಲೆ ತುಂಬುತ್ತ ಬಂತು. ಎಲ್ಲರೂ ಉಂಡರು ಎಂದು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ಜನ ಎದ್ದುಹೋದರು.

ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಮುದುಕನೊಬ್ಬ ಪಾನಕ ಬಡಿಸಲು ಹೋದ ನನ್ನನ್ನು ತಡೆದು, ಬೊಚ್ಚುಬಾಯಿ ತೆರೆದು ತೋರಿಸಿ, “ಯವ್ವಾ, ಹಲ್ಲಿಲ್ಲದವ್ರು ಏನ ಮಾಡೂದು?” ಎಂದ.

“ಮುಂದಿನ ಸೋಮವಾರ ಕುಟ್ಟಿ ತರತೀನಿ,” ಎಂದೆ.